ಪರದೆಯ ಮೇಲೆ ಬರೀ ಹಸಿರು

೧೨ ಜೂನ್ ೨೦೧೧, ಭಾನುವಾರ. ಜಹೀರಾಬಾದ್

ಕೊಡುತ್ತೇವೆ ಎಂದದ್ದನ್ನು ಮೊದಲು ಬರೆದಿಡುತ್ತೇನೆ. ವಿಮಾನ ಕಂಪನಿಯವರು ಹದಿನೈದು ದಿನದಲ್ಲಿ ಪೂರ್ತಿ ವರದಿ ಕೊಡುತ್ತೇವೆ ಎಂದರು. ಪೈಲಟ್ ಕೊಟ್ಟ ಹೇಳಿಕೆಯ ನಕಲು ಕೊಡುತ್ತೇವೆ ಎಂದರು. ಅಪಘಾತದ ಹೊತ್ತಿನಲ್ಲಿ ವಿಮಾನದ ರೇಡಾರ್ ಏನು ತೋರಿಸಿತು ಎಂಬುದನ್ನು ಮನೆಯವರ ಎದುರು ವಿವರಿಸುತ್ತೇವೆ ಎಂದರು. ಮೃತಳ ಬ್ಯಾಗು, ಫೋನು, ಸಮವಸ್ತ್ರ ಮರಳಿಸುತ್ತೇವೆ ಎಂದರು. ದೊಡ್ಡ ಸಾಹೇಬರೇ ಜಹೀರಾಬಾದಿಗೆ ಬಂದು ಕಾಣುತ್ತಾರೆ ಎಂದರು.

ವರದಿ ಬರಲಿಲ್ಲ. ನಕಲು ಗೌಪ್ಯವಂತೆ. ರೇಡಾರಿನ ಮಾತು ಎತ್ತಿದರೆ ಫೋನು ಇಡುತ್ತಾರೆ. ಬ್ಯಾಗು ಬಂತು, ಫೋನು ಬರಲಿಲ್ಲ. ದೊಡ್ಡ ಸಾಹೇಬರ ಬದಲು ಟೈ ಕಟ್ಟಿದ ಒಬ್ಬ ಅಧಿಕಾರಿ ಬಂದ, ಹೂಗುಚ್ಛ ಇಟ್ಟ, ನಮ್ಮ ಮನೆಯಲ್ಲಿ ನೀರು ಕುಡಿಯದೆ ಹೋದ.

೨೦೦೯ರ ಡಿಸೆಂಬರ್ ಒಂಬತ್ತಕ್ಕೆ ತೆಲಂಗಾಣ ರಾಜ್ಯ ಕೊಡುತ್ತೇವೆ ಎಂದು ಇಪ್ಪತ್ತಮೂರಕ್ಕೆ ಮಾತು ತಿರುಗಿಸಿದವರ ಆಳ್ವಿಕೆಯಲ್ಲಿ ಬದುಕುವ ನಮಗೆ ಇದೇನು ಹೊಸದಲ್ಲ. ಸುಮ್ಮನೆ ಕೂಡುವ ಜಾತಿ ನಮ್ಮದಲ್ಲ ಎಂಬುದು ಅವರಿಗೆ ಹೊಸದಾಗಬಹುದು.

ಮೇ ಆರರ ಸಂಜೆ ಐದೂವರೆಗೆ, ಗೋವಾದಿಂದ ಹೈದರಾಬಾದಿಗೆ ಮರಳುತ್ತಿದ್ದ ವಿಮಾನ ತಾಂಡೂರಿನ ಮೇಲೆ ಆಲಿಕಲ್ಲಿನ ಮೋಡದೊಳಗೆ ನುಗ್ಗಿತು. ಕೊನೆಗೆ ಇಳಿಯಿತು. ನಲವತ್ತೊಂದು ಜನ ಬದುಕಿದರು. ಸತ್ತವಳು ಒಬ್ಬಳೇ: ಗಗನಸಖಿ ಕುಮಾರಿ ಶಿಲ್ಪಾರಾಣಿ, ವಯಸ್ಸು ಇಪ್ಪತ್ತಮೂರು, ದಲಿತ ಕುಟುಂಬದ ಶ್ರಮಜೀವಿ. ಚಹಾದ ಗಾಡಿ ಹಿಡಿದು ನಿಂತಿದ್ದವಳನ್ನು ವಿಮಾನ ಎತ್ತಿ ಚಾವಣಿಗೆ ಬಡಿಯಿತು. ಕತ್ತು ಮುರಿಯಿತು.

ನಮ್ಮ ಹೋರಾಟ ಸಂಘದ ಕರಪತ್ರದಲ್ಲಿ ಇಷ್ಟೇ ಇದೆ. ಆಕೆ ಧಮ್ಮಶೀಲಾ ಅವರ ಮಗಳು ಎಂದು ಸೇರಿಸೋಣವೇ ಎಂದು ಸಂಘದವರು ಕೇಳಿದರು. ಬೇಡ ಎಂದೆ. ಸಂಘದ ಕಾರ್ಯದರ್ಶಿಯಾದ ನಾನು ಸ್ವಂತಕ್ಕಾಗಿ ಹೋರಾಡುತ್ತೇನೆ ಎಂದು ಯಾರೂ ಆಡಬಾರದು.

ಸಂಘದ ಕಾಗದವೆಲ್ಲ ತೆಲುಗಿನಲ್ಲಿ ಬರೆಯುತ್ತೇನೆ. ನಾನು ಓದಿದ್ದು ಗಡಿಯಾಚೆ, ಬೀದರ್ ಕಡೆಯ ಶಾಲೆಯಲ್ಲಿ. ನನಗಾಗಿ ಬರೆಯುವಾಗ ಕೈ ಕನ್ನಡಕ್ಕೇ ಹೋಗುತ್ತದೆ. ಈ ಪುಸ್ತಕ ಯಾರಿಗೂ ತೋರಿಸುವುದಕ್ಕಲ್ಲ.

೨೬ ಜೂನ್, ಭಾನುವಾರ

ತಾಂಡೂರಿಗೆ ಹೋಗಿ ಬಂದೆ. ನಾರಾಯಣಖೇಡದ ಧನರಾಜ ವಕೀಲರು ನಮ್ಮ ಕೇಸು ನೋಡುತ್ತಿದ್ದಾರೆ. ಲಿಂಗಾಯತರು, ಚಳವಳಿಯಲ್ಲಿ ಹತ್ತು ವರ್ಷದ ಜೊತೆಗಾರರು, ನಮ್ಮ ಮನೆಯಲ್ಲಿ ಕೂತು ರೊಟ್ಟಿ ತಿಂದವರು. "ಅಕ್ಕಾ, ಘೋಷಣಾ ಸಾಕು. ಸಾಕ್ಷಿ ತರ್ರಿ. ಅವತ್ತು ಆ ಮೋಡ ಯಾರ್ಯಾರಿಗೆ ಕಂಡಿತ್ತು ಅಂತ ಕೇಳಿಕೊಂಡು ಬರ್ರಿ" ಎಂದಿದ್ದರು.

ಮಗ ಜೈಪಾಲ ಜೊತೆಗೆ ಬಂದ. ಬಸ್ಸಿನ ಕಿಟಕಿಯಿಂದ ಕಾಣುವ ಗೋಡೆಗಳ ಮೇಲೆಲ್ಲ ಅವನೇ ಬರೆದ 'ಜೈ ತೆಲಂಗಾಣ'. ಇಪ್ಪತ್ತಾರು ವರ್ಷದ ಪೇಂಟರ್, ಅಂಗಡಿಯ ಬೋರ್ಡು, ಶಾಲೆಯ ಗೋಡೆ, ಬಾಬಾಸಾಹೇಬರ ಪ್ರತಿಮೆ, ಎಲ್ಲಕ್ಕೂ ಅವನದೇ ಕುಂಚ. ಚಳಿಗಾಲದಲ್ಲಿ ಮೂರು ತಿಂಗಳು ಹೈದರಾಬಾದಿನಲ್ಲಿ ಅದೇ ವಿಮಾನ ಕಂಪನಿಯ ಹ್ಯಾಂಗರಿನಲ್ಲಿ, ಅಂದರೆ ವಿಮಾನ ರಿಪೇರಿಯ ಶೆಡ್ಡಿನಲ್ಲಿ, ಗುತ್ತಿಗೆ ಕೆಲಸವಿತ್ತು, ತಂಗಿಯೇ ಹೇಳಿ ಕೊಡಿಸಿದ್ದಳು. ಈಗ ತಾನು ಬರೆದ ಗೋಡೆಗಳ ಕಡೆ ತಿರುಗಿಯೂ ನೋಡಲಿಲ್ಲ. ಮೇ ತಿಂಗಳಿಂದ ಹೀಗೇ.

ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ದ್ರೌಪದಿ ಎಂಬ ಕೂಲಿ ಹೆಂಗಸು ಸಿಕ್ಕಳು. ಮೈಯೆಲ್ಲ ಕಲ್ಲಿನ ಹಿಟ್ಟು.

"ಕಂಡಿತ್ತು ಅಂದ್ರೇನಕ್ಕಾ! ಕರ್ರಗ, ಎಮ್ಮಿ ಹಿಂಡು ಅಡ್ಡ ನಿಂತಂಗ ನಿಂತಿತ್ತು. ನಾಲ್ಕಕ್ಕೇ ಕೆಲಸ ಬಿಟ್ಟು ಒಳಗ ಹೊಕ್ಕೇವಿ. ಮೇಸ್ತ್ರಿ ಬೈದಾ. ಬೈಲಿ, ತಲಿ ನಮ್ದು. ಆಮ್ಯಾಲ ಲಿಂಬಿಹಣ್ಣಿನಂಥ ಆಲಿಕಲ್ಲು ಬಿತ್ತು, ಮೇಸ್ತ್ರಿ ಸಾಹೇಬ್ರೇ ಮೊದ್ಲು ಓಡಿ ಬಂದ್ರು ಒಳಗ."

"ವಿಮಾನದ ಸಪ್ಪಳ ಕೇಳಿತ್ತಾ?"

"ಮ್ಯಾಲೆಲ್ಲ ಬಿಳೇ ಮಬ್ಬು. ಕಾಣಲಿಲ್ಲ, ಕೇಳಿತು. ಇಂಥಾದ್ರಾಗ ಯಾವ ಹುಚ್ಚ ಹೊಂಟಾನ ಅಂತ ನಾನೇ ಅಂದೆ. ಯಾಕ್ರಿ, ನಿಮ್ಮವರು ಇದ್ರೇನ್ರಿ ಅದ್ರಾಗ?"

"ನಮ್ಮ ಊರಿನವರು" ಎಂದೆ.

ಜೈಪಾಲ ಶೆಡ್ಡಿನ ಹೊರಗೆ ಹೋಗಿ ನಿಂತ.

ಭಾಷಣಕ್ಕೆ ಸಾಲು ಸಿಕ್ಕಿತು: ನೆಲದ ಮೇಲೆ ನಿಂತ ಕೂಲಿ ಹೆಣ್ಣಿಗೆ ಒಂದೂವರೆ ಗಂಟೆ ಮೊದಲೇ ಕಂಡ ಮೋಡ, ಕೋಟಿ ಬೆಲೆಯ ವಿಮಾನಕ್ಕೆ ಕಾಣಲಿಲ್ಲವೇ?

೯ ಜುಲೈ, ಶನಿವಾರ

ಹೈದರಾಬಾದಿನಲ್ಲಿ ವಿಚಾರಣೆ. ಸರ್ಕಾರದ ಮೂವರ ಸಮಿತಿ, ಉದ್ದ ಮೇಜು, ತಣ್ಣನೆಯ ಕೋಣೆ. ಕಂಪನಿಯ ಸುರಕ್ಷತಾ ಅಧಿಕಾರಿ ಚಿತ್ರ ತೋರಿಸಿ ಪಾಠ ಮಾಡಿದ. ವಿಮಾನದ ಮೂಗಿನೊಳಗೆ ರೇಡಾರ್ ಇರುತ್ತದೆ. ಅದು ಮುಂದಕ್ಕೆ ಅಲೆ ಬಿಡುತ್ತದೆ. ಅಲೆ ಮಳೆಯ ಹನಿಗೆ ತಾಗಿ ಮರಳಿ ಬರುತ್ತದೆ. ಹೆಚ್ಚು ಮರಳಿದಷ್ಟೂ ಮಳೆ ಜೋರು. ಪೈಲಟ್ ಎದುರಿನ ಪರದೆಯ ಮೇಲೆ ಹಸಿರು ಬಂದರೆ ಸಾದಾ ಮಳೆ, ಹಳದಿ ಬಂದರೆ ಜೋಕೆ, ಕೆಂಪು ಬಂದರೆ ಸುತ್ತಿಕೊಂಡು ಹೋಗಬೇಕು. "ಆ ದಿನ ಪರದೆಯ ಮೇಲೆ ಬರೀ ಹಸಿರು. ರೇಡಾರ್ ತೆಗೆದು ಪರೀಕ್ಷೆ ಮಾಡಿದ್ದೇವೆ, ಯಾವ ದೋಷವೂ ಇಲ್ಲ. ಪೈಲಟ್ ತಪ್ಪೂ ಇಲ್ಲ."

ನಾನು ಎದ್ದು ದ್ರೌಪದಿಯ ಮಾತು ಹೇಳಿದೆ. ಒಬ್ಬ ಸದಸ್ಯ ನಕ್ಕ. ನಗುವುದನ್ನು ಮರೆಯುವಂತೆ ನಾಲ್ಕು ಮಾತು ಅಂದೆ. ಅಧ್ಯಕ್ಷರು ಗಂಟೆ ಬಾರಿಸಿದರು. ಧನರಾಜರು ನನ್ನ ಸೆರಗು ಹಿಡಿದು ಕೂಡಿಸಿದರು.

ಆಮೇಲೆ ಸಮಿತಿಯವರು ಕರಡು ವರದಿಯ ಒಂದು ಸಾಲು ಓದಿದರು. ಸೀಟ್ ಬೆಲ್ಟಿನ ದೀಪ ಬೆಳಗಿದ ಕೂಡಲೇ ತನ್ನ ಆಸನಕ್ಕೆ ಹೋಗದಿದ್ದುದು ಮೃತಳ ಸ್ವಂತ ನಿರ್ಲಕ್ಷ್ಯ.

ದೀಪ ಬೆಳಗಿದ್ದಕ್ಕೂ ವಿಮಾನ ಎತ್ತಿ ಬಡಿದದ್ದಕ್ಕೂ ನಡುವೆ ಎಷ್ಟು ಹೊತ್ತು ಎಂದು ಧನರಾಜರು ಕೇಳಿದರು. ಹನ್ನೊಂದು ಸೆಕೆಂಡು. ಪರದೆಯ ಮೇಲೆ ಕೆಂಪು ಬಂದಿದ್ದರೆ ಎಷ್ಟು ಹೊತ್ತು ಸಿಗುತ್ತಿತ್ತು? ಅಧಿಕಾರಿ ಕಾಗದ ತಿರುವಿದ. ಹತ್ತು ನಿಮಿಷ, ಹೆಚ್ಚೂ ಸಿಗಬಹುದಿತ್ತು.

ನನಗೆ ಅವರ ಪರಿಹಾರ ಬೇಡ, ಹೂಗುಚ್ಛ ಬೇಡ. ಆ ಒಂದು ಸಾಲು ಅಳಿಸಬೇಕು. ಅಳಿಸುವವರೆಗೆ ಬಿಡುವುದಿಲ್ಲ. ತಪ್ಪು ಮಾಡಿದವನು ಯಾರೇ ಇರಲಿ, ಹೆಸರು ಹೊರಗೆ ಬರಬೇಕು, ಜೈಲಿಗೆ ಹೋಗಬೇಕು.

೧೦ ಜುಲೈ

ಸ್ವಂತ ನಿರ್ಲಕ್ಷ್ಯ.

ಗಗನಸಖಿ ತರಬೇತಿಯ ದಿನಗಳಲ್ಲಿ ಈ ಪಡಸಾಲೆಯಲ್ಲಿ ತಾಟಿನ ಮೇಲೆ ನಾಲ್ಕು ಗ್ಲಾಸು ನೀರು ತುಂಬಿಕೊಂಡು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ನನ್ನ ಅತ್ತೆ ಈಶಮ್ಮ ಪ್ರಯಾಣಿಕಳು, ಬೇಕೆಂದೇ ಕಾಲು ಅಡ್ಡ ಇಡುತ್ತಿದ್ದಳು. "ಏ ಮ್ಯಾಲಿನ ಕಂಡಕ್ಟರ್, ನಂಗ ಗೋವಾಕ್ಕ ಒಂದು ಹಾಫ್ ಟಿಕೇಟ್ ಕೊಡು, ಹಲ್ಲಿಲ್ಲ ನೋಡು, ಅರ್ಧ ಮನಷ್ಯಾಳು ನಾ." ಒಂದು ಹನಿ ಚೆಲ್ಲುತ್ತಿರಲಿಲ್ಲ.

ಇದು ಸಂಘದ ಕೆಲಸಕ್ಕೆ ಬಾರದು. ಯಾಕೆ ಬರೆದೆನೋ.

೭ ಆಗಸ್ಟ್, ಭಾನುವಾರ

ಸಿಕ್ಕಿತು! ಮೂರು ತಿಂಗಳ ಮೇಲೆ ಕಂಪನಿಯ ಕುತ್ತಿಗೆ ಕೈಗೆ ಸಿಕ್ಕಿದೆ.

ಧನರಾಜರು ನಾರಾಯಣಖೇಡಕ್ಕೆ ಕರೆಸಿದ್ದರು. ಅವರ ಸೋದರಮಾವ ಶಾಂತಪ್ಪನವರು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ರೇಡಾರ್ ರಿಪೇರಿ ಮಾಡಿದವರು. ಹಣೆತುಂಬ ವಿಭೂತಿ, ಬನಿಯನ್ನಿನ ಮೇಲೆ ವಾಯುಪಡೆಯ ಹಳೇ ಬೆಲ್ಟು. ನಮ್ಮ ಕಾಗದವನ್ನೆಲ್ಲ ಓದಿ, "ರೇಡಾರ್ ಛಲೋ ಐತಿ, ಮೋಡ ದೊಡ್ಡದೈತಿ, ಪರದಾ ಮ್ಯಾಲ ಮಾತ್ರ ಹಸರು. ಅಂದ್ರ ನಡುವ ಏನೋ ಅಡ್ಡ ಬಂದದ, ತಂಗೀ" ಎಂದರು.

ಕಾಳಿನ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಬ್ಯಾಟರಿ ಹೊತ್ತಿಸಿ ಅದರ ಮುಂದೆ ತಮ್ಮ ಧೋತರದ ಚುಂಗು ಹಿಡಿದರು. ಬೆಳಕು ಗೋಡೆಗೆ ಬಿತ್ತು. "ಇದು ವಿಮಾನದ ಮೂಗು. ಲೋಹದ್ದಲ್ಲ, ಬ್ಯಾರೇ ಪದಾರ್ಥದ್ದು. ಅಲಿ ಹೊರಗ ಹೋಗಬೇಕು, ಒಳಗ ಬರಬೇಕು, ಅದಕ್ಕ." ಆಮೇಲೆ ಮೊಮ್ಮಗಳ ಚಾಕಲೇಟಿನ ಬೆಳ್ಳಿ ಕಾಗದವನ್ನು ಧೋತರದ ಹಿಂದೆ ಇಟ್ಟರು. ಗೋಡೆ ಕತ್ತಲಾಯಿತು. ಕಾಗದದ ಹರಿದ ಅಂಚಿನಿಂದ ಒಂದಿಷ್ಟು ಮಂಕು ಬೆಳಕು.

"ಮೂಗಿಗೆ ಹಚ್ಚೋ ಬಣ್ಣಾನೇ ಬ್ಯಾರೆ ಇರ್ತದ. ಚಾಂದಿ ಬಣ್ಣ ಗಿಣ್ಣ ಹಚ್ಚಿದ್ರೋ, ಅದ್ರಾಗ ಅಲ್ಯೂಮಿನಿಯಂ ಪುಡಿ, ಮುಗೀತು. ಪೂರಾ ಕುರುಡಾಗೋದಿಲ್ಲ. ಮಂಕಾಗ್ತದ. ಕೆಂಪು ಬರೋ ಜಾಗಾದಾಗ ಹಸರು ಬರ್ತದ. ಬಣ್ಣ ಹಚ್ಚಿದ ಮ್ಯಾಲ ಅಲಿ ದಾಟ್ತದೋ ಇಲ್ಲೋ ಅಂತ ಪರೀಕ್ಷಾ ಮಾಡಬೇಕು. ಮಾಡಿಲ್ಲ ಅವರು. ರೇಡಾರ್ ಬಿಚ್ಚಿ ಟೇಬಲ್ ಮ್ಯಾಲಿಟ್ಟು ಪರೀಕ್ಷಾ ಮಾಡಿದ್ರ ಛಲೋನೇ ಇರ್ತದಲ್ಲ!"

"ಆ ಮೂಗು ಈಗೆಲ್ಲೈತ್ರಿ?" ಎಂದರು ಧನರಾಜರು.

"ಆಲಿಕಲ್ಲಿಗೆ ಒಡದಿತ್ತಂತಲ್ಲ, ಬದ್ಲಿ ಮಾಡ್ಯಾರ. ಹಳೇದು ಗುಜರಿಗೆ ಹೋಗಿರ್ತದ. ಬಣ್ಣ ಹಚ್ಚಿದ ಮನಷ್ಯಾನ್ನ ಹುಡುಕ್ರಿ. ಅವನ ಬಾಯಾಗೇ ಉಳಿದದ ಸಾಕ್ಷಿ."

ಊಟದ ಹೊತ್ತಿಗೆ ಮನೆ ಮುಟ್ಟಿದೆ. ಹೊಸ್ತಿಲಿನಲ್ಲೇ ಶುರು ಮಾಡಿದೆ. ಯಾವನೋ ಬೇವಕೂಫ ಮೂಗಿಗೆ ಚಾಂದಿ ಬಳಿದಿದ್ದಾನೆ, ಅವನ ಕೊರಳಪಟ್ಟಿ ಹಿಡಿದು ಸಮಿತಿಯ ಮುಂದೆ ನಿಲ್ಲಿಸುತ್ತೇನೆ ಎಂದೆ.

ಜೈಪಾಲನ ಕೈಯಲ್ಲಿ ರೊಟ್ಟಿಯ ತುಂಡಿತ್ತು. ತಾಟಿಗೆ ಇಟ್ಟ. ಕೈ ತೊಳೆಯಲಿಲ್ಲ. ಗೋಡೆಯ ಕಡೆ ತಿರುಗಿ ಕೂತ.

"ಯಾಕೋ?" ಎಂದಳು ಅತ್ತೆ. "ಪುಂಡಿಪಲ್ಯಾ ಖಾರ ಆಗ್ಯಾದೇನು?"

"ನಾನೇ ಹಚ್ಚಿದ್ದು" ಎಂದ.

೮ ಆಗಸ್ಟ್

ಅಂಗನವಾಡಿಯ ಕೆಲಸಕ್ಕೆ ಹೋಗಿ ಬಂದೆ. ಹದಿನೇಳು ಮಕ್ಕಳು. ಉಪ್ಪಿಟ್ಟು.

೯ ಆಗಸ್ಟ್

ಅವನು ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ. ಭಾಷಣ ಮಾಡುವುದಿಲ್ಲ.

ಜನವರಿಯಲ್ಲಿ ಒಂದು ವಿಮಾನದ ಮೂಗಿನ ಬಣ್ಣ ಅಲ್ಲಲ್ಲಿ ಎದ್ದಿತ್ತು. ಗುತ್ತಿಗೆದಾರ ಒಂದು ಡಬ್ಬಿ ಬಿಳಿ ಬಣ್ಣ ಕೊಟ್ಟು, ಒಂದು ಕೋಟು ಹಚ್ಚಿ ಮುಗಿಸು ಎಂದ. ಒಳಗೆ ಏನಿದೆ ಎಂದು ಯಾರೂ ಹೇಳಲಿಲ್ಲ. ಆ ವಿಮಾನದಲ್ಲೇ ಶಿಲ್ಪಾಗೆ ಹೆಚ್ಚು ಡ್ಯೂಟಿ ಬೀಳುತ್ತಿತ್ತು. ಬಾಲದ ಮೇಲಿನ ಅಕ್ಷರಗಳನ್ನು ಇವನಿಗೆ ಅವಳೇ ಬಾಯಿಪಾಠ ಮಾಡಿಸಿದ್ದಳು.

"ಉಸ್ತಾದ್ ಹಂಗೇ ಕಲಿಸ್ಯಾರವ್ವಾ. ತಗಡಿರಲಿ, ಬೋರ್ಡಿರಲಿ, ಪ್ರತಿಮಾ ಇರಲಿ, ಮೊದಲೊಂದು ಚಾಂದಿ ಕೋಟು, ಆಮ್ಯಾಲ ಬಿಳೇದು. ಇಲ್ಲಂದ್ರ ಎರಡೇ ಮಳಿಗಾಲಕ್ಕ ಏಳ್ತದ. ಗುತ್ತಿಗೆದಾರ ಚಾಂದಿ ಕೊಟ್ಟಿದ್ದಿಲ್ಲ. ನಂದೇ ಡಬ್ಬಿ ಇತ್ತು ಚೀಲದಾಗ. ಊಟದ ಸೂಟಿಯಾಗ ಎಲ್ಲಾರೂ ಹೋದ ಮ್ಯಾಲ ಪುಗಸಟ್ಟೆ ಹಚ್ಚಿದೆ. ಎರಡು ಕೈ ಹಚ್ಚಿದೆ."

"ಯಾರು ಹೇಳಿದ್ರೋ ನಿಂಗ?"

"ಯಾರೂ ಹೇಳಲಿಲ್ಲ. ಅಕಿ ಅದ್ರಾಗ ಕೂಡ್ತಾಳಂತ."

ಜನವರಿಯಿಂದ ಮೇ ತಿಂಗಳವರೆಗೆ ಆಕಾಶ ಬೋಳಾಗಿತ್ತು. ಮಂಕಾದದ್ದು ಯಾರಿಗೆ ಗೊತ್ತಾಗಬೇಕು? ಮೊದಲ ದೊಡ್ಡ ಮೋಡ ಬಂದದ್ದು ಮೇ ಆರಕ್ಕೆ.

೧೦ ಆಗಸ್ಟ್

ಗುತ್ತಿಗೆದಾರನ ಕಾಗದದಲ್ಲಿ ಜೈಪಾಲನ ಹೆಸರಿಲ್ಲ. ಹಾಜರಿ ಪಟ್ಟಿಯಲ್ಲಿ 'ಪೇಂಟರ್, ಒಬ್ಬ' ಎಂದಿದೆಯಂತೆ. ಕೂಲಿ ಕೊಡುವಾಗ ನಮ್ಮವರಿಗೆ ಹೆಸರಿರುವುದಿಲ್ಲ. ಹಳೇ ಮೂಗು ಗುಜರಿಗೆ ಹೋಗಿದೆ.

ಅಂದರೆ ಯಾರಿಗೂ ಗೊತ್ತಿಲ್ಲ. ನಮ್ಮ ಮೂವರನ್ನು ಬಿಟ್ಟು.

೨೧ ಆಗಸ್ಟ್, ಭಾನುವಾರ

ಧನರಾಜರು ಬಂದಿದ್ದರು. "ಪೇಂಟರ್ ಪತ್ತಾ ಹತ್ತಿತೇನ್ರಿ ಅಕ್ಕಾ? ನಿಮ್ಮ ಜೈಪಾಲ ಅಲ್ಲೇ ಕೆಲಸ ಮಾಡಿದವ, ಅವಗ ಕೇಳಿದ್ರಿಲ್ಲೋ?"

"ಕೇಳಿದೆ. ಅವ ಗೋಡಿ ಕೆಲಸದಾಗ ಇದ್ದ. ಗೊತ್ತಿಲ್ಲಂತ" ಎಂದೆ.

ಮಾತು ಸಲೀಸಾಗಿ ಬಂತು. ಚಹಾ ಕೊಟ್ಟೆ. ಸಕ್ಕರೆ ಹಾಕಿರಲಿಲ್ಲವಂತೆ, ಕುಡಿದು ಹೋದ ಮೇಲೆ ಅತ್ತೆ ಹೇಳಿದಳು.

ಜೈಪಾಲ ಸಮಿತಿಗೆ ಹೋಗಿ ಹೇಳಿಬಿಡುತ್ತೇನೆ ಎಂದು ಕೂತಿದ್ದಾನೆ. ಬುದ್ಧಿ ಇಲ್ಲ. ಅವರಿಗೆ ಬೇಕಾದದ್ದೂ ಅದೇ. ಪರೀಕ್ಷೆ ಮಾಡದ ಎಂಜಿನಿಯರ್ ಉಳಿಯುತ್ತಾನೆ, ಗುತ್ತಿಗೆದಾರ ಉಳಿಯುತ್ತಾನೆ, ಕೇರಿಯ ಪೇಂಟರ್ ಒಬ್ಬನ ತಲೆಯ ಮೇಲೆ ವಿಮಾನವನ್ನೇ ಇಳಿಸುತ್ತಾರೆ. ಇದನ್ನು ವರ್ಗಪ್ರಜ್ಞೆಯಿಂದ ನೋಡಬೇಕು. ತಾಯಿಕರುಳಿನ ಪ್ರಶ್ನೆಯಲ್ಲ ಇದು, ಹೋರಾಟದ ತಂತ್ರದ ಪ್ರಶ್ನೆ.

೪ ಸೆಪ್ಟೆಂಬರ್, ಭಾನುವಾರ

ಜೈಪಾಲನನ್ನು ನನ್ನ ತವರು ಮೊಗುಡಂಪಲ್ಲಿಗೆ, ಅಣ್ಣ ಕಿಷ್ಟಪ್ಪನ ಮನೆಗೆ ಕಳಿಸಿದೆ. ಅಲ್ಲಿಂದ ದಿನಾ ಗಡಿ ದಾಟಿ ಬೀದರಿಗೆ ಕೆಲಸಕ್ಕೆ ಹೋಗಬಹುದು. ಪೇಂಟರ್ ಕೆಲಸ ಬೇಡ, ಬೇರೆ ಏನಾದರೂ ಮಾಡು ಎಂದೆ. ಬಸ್ಸು ಹತ್ತುವಾಗ, "ಅವ್ವಾ, ನೀ ಸಭಾದಾಗ ಶಿಲ್ಪಾನ ಹೆಸರು ತಗೊಳ್ಳೋದೇ ಬಿಟ್ಟೀ ನೋಡು" ಎಂದ.

ಸುಳ್ಳು. ರಾಜ್ಯದ ಚಳವಳಿಯ ಕೆಲಸ ಹೆಚ್ಚಾಗಿದೆ ಅಷ್ಟೇ. ಒಬ್ಬರ ಸಾವು ದೊಡ್ಡದಲ್ಲ.

ಸಾಯಂಕಾಲ ಚಾಂದಿ ಡಬ್ಬಿಯನ್ನು ಹಳೇ ಬಾವಿಗೆ ಎಸೆದು ಬಂದೆ. ಮುಳುಗುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು.

೧೩ ಸೆಪ್ಟೆಂಬರ್, ಮಂಗಳವಾರ

ಸಕಲ ಜನರ ಮುಷ್ಕರ ಶುರುವಾಯಿತು. ಶಾಲೆ ಬಂದ್, ಕಚೇರಿ ಬಂದ್. ಮುಂಬೈ ಹೆದ್ದಾರಿಯ ಮೇಲೆ ನಡುರಸ್ತೆಯಲ್ಲಿ ಅಡುಗೆ ಮಾಡಿ ಊರಿಗೆಲ್ಲ ಬಡಿಸಿದೆವು. ನಾನು ಎರಡು ತಾಸು ಮಾತಾಡಿದೆ. ಗಂಟಲು ಹೋಗಿದೆ. ಸತ್ಯಕ್ಕೆ ಜಯವಿದೆ ಎಂದು ಮೂರು ಸಲ ಅಂದೆನಂತೆ. ಜನ ಚಪ್ಪಾಳೆ ಹೊಡೆದರು.

ಮನೆಗೆ ಬಂದಾಗ ಅತ್ತೆ ಗೋಡೆಗೆ ಒರಗಿ ಕೂತಿದ್ದಳು. "ಭಾಳ ಛಲೋ ಮಾತಾಡಿದಿ ಅಂತ ಬಾಜೂ ಮನಿ ಸಾಯಮ್ಮ ಹೇಳಿದ್ಳು" ಎಂದಳು. ಆಮೇಲೆ, "ಹೊರಗ ಅಷ್ಟು ಮಾತಾಡ್ತಿ, ಮನ್ಯಾಗ ನಂಗ ಊಟ ಆತೇನು ಅಂತ ಕೇಳಿ ಎಂಟು ದಿನ ಆತು."

ಕೇಳಿದೆ. ಆಗಿರಲಿಲ್ಲ.

೧೭ ಸೆಪ್ಟೆಂಬರ್

ಧನರಾಜರ ಕೈಗೆ ಸಮಿತಿಯ ನೋಟಿಸು ಬಂದಿದೆ. ೨೬ಕ್ಕೆ ಕೊನೆಯ ವಿಚಾರಣೆ. ಹೊಸ ಸಾಕ್ಷಿ ಇದ್ದರೆ ಅವತ್ತೇ ಬರಬೇಕು. ಇಲ್ಲದಿದ್ದರೆ ಕರಡು ವರದಿಯೇ ಅಂತಿಮ, ಆ ಸಾಲಿನ ಸಮೇತ.

ಅವರು ನೋಟಿಸು ಕೈಗಿಟ್ಟು ನನ್ನ ಮುಖ ನೋಡಿದರು. ವಕೀಲರು. ಏನೋ ತಿಳಿದಿದೆ. ಕೇಳಲಿಲ್ಲ. "ಮುಷ್ಕರದಾಗ ಹೋಗೋದು ಕಷ್ಟದ ಅಕ್ಕಾ. ಮುಂದ ಹಾಕ್ರಿ ಅಂತ ಅರ್ಜಿ ಕೊಡಾಕ ಬರ್ತದ" ಎಂದರು. ಕೊಡಿ ಎಂದೆ. ಮನಸ್ಸು ಹಗುರಾಯಿತು.

೧೯ ಸೆಪ್ಟೆಂಬರ್

ಅರ್ಜಿ ತಳ್ಳಿಹಾಕಿದ್ದಾರೆ. ಇವತ್ತಿನಿಂದ ಬಸ್ಸುಗಳೂ ನಿಂತವು. ಒಳ್ಳೆಯದೇ ಆಯಿತು.

೨೨ ಸೆಪ್ಟೆಂಬರ್, ಗುರುವಾರ

ಜೈಪಾಲ ನಡೆದು ಬಂದ. ಮೊಗುಡಂಪಲ್ಲಿಯಿಂದ ಇಲ್ಲಿಯವರೆಗೆ. ಬಸ್ಸಿಲ್ಲ, ಆಟೋ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲಲ್ಲಿ ನಿಂತಾಗ ಚಪ್ಪಲಿ ಕೈಯಲ್ಲಿತ್ತು.

"ಧನರಾಜ ಸಾಹೇಬರು ಫೋನ್ ಮಾಡಿದ್ರು. ಸೋಮವಾರ ವಿಚಾರಣಾ ಅದ ಅಂದ್ರು."

"ಅವರಿಗೆ ಹೇಳಿದಿ?"

"ನಾ ಹೇಳೋದಕ್ಕಿಂತ ಮೊದಲೇ ಅವರೇ ಕೇಳಿದ್ರು, ನೀನೇ ಏನಪಾ ಅಂತ. ಹೌದ್ರಿ ಅಂದೆ."

ನಾನು ಕೂಗಾಡಿದೆ. ಏನೆಲ್ಲ ಅಂದೆ ಎಂದು ಬರೆಯಲಾರೆ. ಜೈಲಿನಲ್ಲಿ ಕೊಳೆಯುತ್ತೀ ಅಂದೆ. ನನಗೆ ಇನ್ನೊಂದು ಹೆಣ ಹೊರುವ ಶಕ್ತಿ ಇಲ್ಲ ಅಂದೆ. ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳಲು ಬಿಡು ಅಂದೆ.

ಅವನು ಚಪ್ಪಲಿ ಕೆಳಗಿಟ್ಟ. "ನಾ ಉಳಿದೀನೇನವ್ವಾ?" ಎಂದ. "ಮಾವ ಬಾಗಲಿಗೆ ಬಣ್ಣ ಹಚ್ಚು ಅಂದ. ಡಬ್ಬಿ ಮುಚ್ಚಳಾ ತಗದು, ವಾಸನಿಗೆ ಅಲ್ಲೇ ಕಾರಿಕೊಂಡೆ. ಅಕಿ ಸತ್ತಿದ್ದು ನನ್ನ ಕೈಯಿಂದ. ಅದು ಅಕಿ ತಪ್ಪು ಅಂತ ಬರದ್ರ, ಎರಡನೇ ಸಲಾನೂ ನಾನೇ ಕೊಂದಂಗ. ಅಷ್ಟೇ."

ಅತ್ತೆ ಎದ್ದು ಬಂದು ಅವನ ಕಾಲಿಗೆ ನೀರು ಹಾಕಿದಳು. ಬೊಬ್ಬೆ ಒಡೆದಿತ್ತು. "ಧಮ್ಮಶೀಲಾ" ಎಂದಳು. ಹೆಸರು ಹಿಡಿದು ಅವಳು ನನ್ನನ್ನು ಕರೆಯುವುದು ಅಪರೂಪ. "ನಾ ಓದಿದಾಕಿ ಅಲ್ಲ. ಕೂಸಿನ ಮ್ಯಾಲ ಖರೇ ಇಲ್ಲದ್ದು ಬರೀತಾರಂದ್ರ ಹ್ಯಾಂಗ ಬಿಡ್ತಿ?"

"ಇವ?"

"ಇವನ ಜೋಡಿ ನೀ ಹೋಗು. ಊರ ಮಂದಿಗೆಲ್ಲಾ ಜೋಡಿ ಹೋಗ್ತಿ, ಠಾಣೆಕ್ಕ, ಕೋರ್ಟಿಗೆ. ಮಗನ ಜೋಡಿ ಹೋಗಾಕ ಏನಾತು?"

೨೩ ಸೆಪ್ಟೆಂಬರ್

ದಿನವೆಲ್ಲ ಬ್ಯಾಗು ತೆಗೆದು ಕೂತಿದ್ದೆ. ಕಂಪನಿ ಕಳಿಸಿದ ಬ್ಯಾಗು. ನಾಲ್ಕು ತಿಂಗಳಿಂದ ತೆರೆದಿರಲಿಲ್ಲ. ಬಾಚಣಿಗೆ, ಹೇರ್‌ಪಿನ್ನಿನ ಡಬ್ಬಿ, ಹಿಮ್ಮಡಿ ಸವೆದ ಬೂಟು, ಅರ್ಧ ತಿಂದ ಶೇಂಗಾ ಚಿಕ್ಕಿ. ಬಾಚಣಿಗೆಯಲ್ಲಿ ಎರಡು ಕೂದಲು.

ನನ್ನ ಮಗಳು. ನನ್ನ ಶಿಲ್ಪಾ. ಎಡಗೈಯಲ್ಲಿ ಊಟ ಮಾಡುತ್ತಿದ್ದಳು, ಬೈಸಿಕೊಂಡು ಬಿಟ್ಟಳು. ನಿದ್ದೆಯಲ್ಲಿ ಮಾತಾಡುತ್ತಿದ್ದಳು. ಮೊದಲ ಸಲ ಹಾರಿ ಬಂದ ದಿನ, ಮೋಡದ ಮೇಲಿನಿಂದ ನಮ್ಮೂರು ಹುಡುಕಿದೆ ಅವ್ವಾ, ಸಿಗಲೇ ಇಲ್ಲ ಎಂದಿದ್ದಳು.

೨೪ ಸೆಪ್ಟೆಂಬರ್, ಶನಿವಾರ

ರೈಲುಗಳೂ ನಿಂತವು. ಸ್ಟೇಷನ್ನಿಗೆ ಬನ್ನಿ ಎಂದು ಸಂಘದವರು ಬಂದಿದ್ದರು. ಸೋಮವಾರ ಹೆದ್ದಾರಿ ತಡೆಗೆ ನೀವೇ ಮುಂದಾಳು ಎಂದರು. ನಾನು ಊರಲ್ಲಿ ಇರುವುದಿಲ್ಲ ಎಂದೆ. ಯಾಕೆ ಎಂದರು. ಮಗಳ ಕೆಲಸ ಎಂದೆ. ಯಾರೂ ಮುಂದೆ ಕೇಳಲಿಲ್ಲ.

ಬೆಳಿಗ್ಗೆ ಜೈಪಾಲ ಹೇಳಿಕೆ ಬರೆದುಕೊಡು ಎಂದು ಕೂತ. ಈ ಕೈ ಎಷ್ಟು ಅರ್ಜಿ ಬರೆದಿದೆಯೋ ಲೆಕ್ಕವಿಲ್ಲ, ಕಂಡವರಿಗೆಲ್ಲ. ಶುರು ಮಾ‌ಡಿದೆ: ಗುತ್ತಿಗೆ ಪದ್ಧತಿಯ ಕ್ರೌರ್ಯಕ್ಕೆ ಬಲಿಯಾದ...

"ಅದು ಬ್ಯಾಡವ್ವಾ."

"ಅದು ಖರೇ ಅದನೋ. ಪರೀಕ್ಷಾ ಮಾಡದವರು ಅವರು. ಒಳಗ ರೇಡಾರ್ ಅದ ಅಂತ ಹೇಳದವರು ಅವರು."

"ಅದೂ ಬರಿ. ಆದ್ರ ಮೊದಲು ನಂದು ಬರಿ."

ಹೊಸ ಹಾಳೆ ತೆಗೆದುಕೊಂಡೆ. ಅವನು ಹೇಳುತ್ತಾ ಹೋದ, ನಾನು ಬರೆದೆ. ನನ್ನ ಹೆಸರು ಜೈಪಾಲ. ವಿಮಾನದ ಮೂಗಿಗೆ ಬಣ್ಣ ಹಚ್ಚಿದವನು ನಾನು. ನನ್ನ ಸ್ವಂತ ಡಬ್ಬಿಯಿಂದ ಎರಡು ಕೈ ಚಾಂದಿ ಹಚ್ಚಿ ಅದರ ಮೇಲೆ ಕಂಪನಿಯ ಬಿಳಿ ಬಣ್ಣ ಹಚ್ಚಿದೆ. ಹಚ್ಚಬಾರದೆಂದು ನನಗೆ ಯಾರೂ ಹೇಳಲಿಲ್ಲ. ಹಚ್ಚಿದ ಮೇಲೆ ಯಾರೂ ಪರೀಕ್ಷೆ ಮಾಡಲಿಲ್ಲ. ಪರದೆಯ ಮೇಲೆ ಕೆಂಪು ಬಾರದೆ ಇದ್ದುದಕ್ಕೆ ಕಾರಣ ಇದು. ನನ್ನ ತಂಗಿ ಶಿಲ್ಪಾರಾಣಿಯ ತಪ್ಪು ಇಲ್ಲ. ಅವಳಿಗೆ ಹನ್ನೊಂದು ಸೆಕೆಂಡು ಸಿಕ್ಕಿತು.

"ಇನ್ನೇನರ ಸೇರಿಸಲೇನು?" ಎಂದೆ.

"ಬ್ಯಾಡ. ಇಷ್ಟೇ."

ಅವನು ಸಹಿ ಹಾಕಿದ. ಪೇಂಟರ್ ಅಲ್ಲವೇ, ಅಕ್ಷರ ಮುತ್ತಿನಂತೆ. ಸಾಕ್ಷಿ ಎಂಬಲ್ಲಿ ಧನರಾಜರು ಸಹಿ ಹಾಕುತ್ತಾರೆ ಎಂದ. ನಾನು ಹಾಕುತ್ತೇನೆ ಎಂದು ಪೆನ್ನು ತೆಗೆದುಕೊಂಡೆ. ಹೆಸರಿನ ಮುಂದೆ 'ಕಾರ್ಯದರ್ಶಿ' ಎಂದು ಬರೆಯುವ ರೂಢಿ. 'ತಾಯಿ, ಇಬ್ಬರಿಗೂ' ಎಂದು ಬರೆದೆ.

ಅವನನ್ನು ಅಲ್ಲೇ ಹಿಡಿದುಕೊಳ್ಳಬಹುದು, ಮೊಕದ್ದಮೆ ಹಾಕಬಹುದು, ಸಾಲು ಅಳಿಸುತ್ತಾರೋ ಇಲ್ಲವೋ ನಾನು ಮಾತು ಕೊಡಲಾರೆ ಎಂದಿದ್ದಾರೆ ಧನರಾಜರು. ಅವರೂ ಬರುತ್ತಾರೆ. ಹಾಲಿನ ಟ್ಯಾಂಕರನ್ನು ಯಾರೂ ತಡೆಯುವುದಿಲ್ಲ. ಭಾನುವಾರ ಮಧ್ಯಾಹ್ನ ಅದರಲ್ಲಿ ಹೊರಡುತ್ತೇವೆ, ಅವನು, ನಾನು. ಅತ್ತೆಗೆ ಸಾಯಮ್ಮ ರೊಟ್ಟಿ ಕೊಡುತ್ತಾಳೆ.

ಕೊನೆಯ ವಿಚಾರಣೆ: ಸೋಮವಾರ, ಸೆಪ್ಟೆಂಬರ್ ೨೬, ಬೆಳಿಗ್ಗೆ ಹನ್ನೊಂದು ಗಂಟೆ.